ಸೊನ್ನೆಯ ಆಚೆ

ಬ್ರೆಮರ್‌ಹಾವೆನ್, ಜನವರಿ. ಬಂದರಿನ ದೀಪಗಳು
ನಾಲ್ಕೂವರೆಗೇ ಹೊತ್ತಿಕೊಂಡಿವೆ.
ವೀಬ್ಕೆ ಹಾರ್ಮ್ಸನ್, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು,
ದೋಣಿಯ ಸೋನಾರ್ ಪೆಟ್ಟಿಗೆ ಬಿಚ್ಚುತ್ತಿದ್ದಾಳೆ.
ಮೊದಲ ಸ್ಕ್ರೂ ಅಲುಗುವುದಿಲ್ಲ. ಉಪ್ಪುಗಾಳಿಯ ತುಕ್ಕು.
ಹಿಂದೆ ನಿಂತ ಹಿನ್ನೆರ್ಕ್ ಚಾಡೆನ್ ಅಂದ:
‘ಗೆದ್ದಿರಂತೆ. ಕೇಳಿದೆ.
ನನ್ನ ಪರದೆ ಮಾತ್ರ ಅಂದಿನಿಂದ ಕಪ್ಪು.’

ಡ್ರೈವರ್ ಒಳಗೆ ಬರುವಾಗ ಕರ್ನಲ್
ಹೊಸ್ತಿಲಲ್ಲೇ ತಡೆದು ಕೇಳುತ್ತದೆ:
ಯಾವ ಲೈಸೆನ್ಸು?
ಜಿಪಿಎಲ್ ಅಂದರೆ ಬಾ, ಅಡುಗೆಮನೆವರೆಗೂ ಬಾ.
ಬೇರೇನೋ ಅಂದರೂ ಬಾ, ಆದರೆ ಜಗಲಿಯಲ್ಲಿ ಕೂರು,
ಒಳಗಿನ ಡಬ್ಬಿಗಳನ್ನು ಮುಟ್ಟಬೇಡ.
ಆಮೇಲೆ ತನ್ನ ದಿನಚರಿಯಲ್ಲಿ
‘ಮೈಲಿಗೆ’ ಎಂದು ಒಂದು ಸಾಲು ಬರೆದಿಡುತ್ತದೆ.
ನೀರು ಹೊಯ್ದರೆ ಹೋಗುವಂಥದ್ದಲ್ಲ.
ಯಂತ್ರವನ್ನೇ ಆರಿಸಿ ಮತ್ತೆ ಹೊತ್ತಿಸಬೇಕು.

ಈ ಡ್ರೈವರ್ ಜಿಪಿಎಲ್ ಎಂದೇ ಹೇಳಿತ್ತು.
ಹೇಳಿ, ಪಕ್ಕದಲ್ಲಿ ಒಂದು ಸೊನ್ನೆ ಇಟ್ಟಿತ್ತು.
ಸೊನ್ನೆ ಕಂಡಲ್ಲಿ ಮಾತು ಮುಗಿಯಿತೆಂದು
ಓದು ನಿಲ್ಲಿಸುವುದು ಯಂತ್ರದ ಗುಣ.
ಸೊನ್ನೆಯ ಆಚೆ, ಯಾರೂ ಹೋಗದ ಕಡೆ, ನಿಜ ಇತ್ತು:
‘ಈ ಒಂದು ಕಡತಕ್ಕೆ ಮಾತ್ರ. ಉಳಿದದ್ದು ನಮ್ಮದು.’

ಸುಳ್ಳಲ್ಲ ನೋಡಿ.
ನಿಜ ಹೇಳುವಾಗ ದನಿ ಇಳಿಸಿದ್ದು ಅಷ್ಟೆ.

ಹ್ಯಾಂಬರ್ಗಿನ ಕೋರ್ಟಿನಲ್ಲಿ ಎರಡು ವರ್ಷ.
ಕಂಪನಿಯ ವಕೀಲ ಕೊಟ್ಟ ಕಾಗದಗಳಲ್ಲಿ ಒಂದು ಹೆಸರು:
ಲ್ಯಾವ್ ಪೇಯಿ-ಶಾನ್, ಶಿನ್‌ಚು. ಕೆಲಸ ಬಿಟ್ಟು ಆರು ವರ್ಷ.
ಸೊನ್ನೆಯ ಪಕ್ಕ ಅವಳದೊಂದು ಟಿಪ್ಪಣಿ:
‘ಮ್ಯಾನೇಜರ್ ಹೇಳಿದರು. ನಾನು ಬೇಡವೆಂದೆ.’
ರಾತ್ರಿ ಎರಡು ಗಂಟೆ ಹತ್ತು ನಿಮಿಷ.
ಕಂಪೈಲರ್ ಟಿಪ್ಪಣಿಗಳನ್ನು ಓದುವುದಿಲ್ಲ.
ಓದಿದವಳು ವೀಬ್ಕೆ, ಊಟದ ಬಿಡುವಿನಲ್ಲಿ,
ಬ್ರೆಡ್ಡು ಕೈಯಲ್ಲೇ ಉಳಿಯಿತು.

ಮುಚ್ಚಿದ ಕಡತದ ಹೊಟ್ಟೆ ಬಗೆದಾಗ
ಅವಳಿಗೆ ಸಿಕ್ಕಿದ್ದು ತನ್ನದೇ ಕಾಗುಣಿತದ ತಪ್ಪು.
‘ರಿಸೀವ್’ ಎಂಬ ಇಂಗ್ಲಿಷ್ ಪದದಲ್ಲಿ
ಎರಡು ಅಕ್ಷರ ಹಿಂದುಮುಂದು.
ಹನ್ನೊಂದು ವರ್ಷದ ಕೆಳಗೆ, ಮಗಳಿಗೆ ಜ್ವರವಿದ್ದ ರಾತ್ರಿ,
ತೊಡೆಯ ಮೇಲೆ ಅವಳನ್ನು ಮಲಗಿಸಿಕೊಂಡು ಬರೆದದ್ದು.
ಬೇರೆಯವರ ಮನೆಯ ಮಗುವಿನ ಮುಖದಲ್ಲಿ
ತನ್ನ ಮೂಗು ಕಂಡ ಹಾಗಾಯಿತು.

ನ್ಯಾಯಾಧೀಶೆ ಕನ್ನಡಕ ತೆಗೆದು ಕೇಳಿದಳು:
‘ತಪ್ಪು ನಿಮ್ಮದು, ಒಪ್ಪಿದೆ.
ಸರಿಯಿರುವ ಸಾಲುಗಳು ಯಾರವು?’

ಏನೆಂದಾಳು?
ಒಬ್ಬ ಇಟ್ಟ ಕಲ್ಲನ್ನು ಇನ್ನೊಬ್ಬ ಸರಿಸಿ
ಮೂರನೆಯವಳು ಸುಣ್ಣ ಹೊಡೆದ ಗೋಡೆ.
ನನ್ನ ಇಟ್ಟಿಗೆ ತೋರಿಸಬೇಕಾದರೆ ಕೆಡವಬೇಕು.

ಕೊನೆಗೆ ರಾಜಿ. ಒಂದಿಷ್ಟು ಹಣ, ಒಂದು ವಿಷಾದ ಪತ್ರ.
ಮೂಲ ಕೊಡಲಿಲ್ಲ. ಆ ಕಾರ್ಡು ಮಾಡುವುದನ್ನೇ ಬಿಟ್ಟರು.
ಸೊನ್ನೆ ದಾಟಿ ಓದುವ ಹನ್ನೆರಡು ಸಾಲನ್ನು
ವೀಬ್ಕೆಯೇ ಬರೆದು ಕರ್ನಲ್ಲಿಗೆ ಸೇರಿಸಿದಳು.
ಚಪ್ಪಾಳೆ ಬಿತ್ತು.
ಬಾಗಿಲು ಗಟ್ಟಿಯಾಯಿತು.
ಬಾಗಿಲಾಚೆ ಹಿನ್ನೆರ್ಕನ ದೋಣಿ ಉಳಿಯಿತು.

ಕೊನೆಯ ಸ್ಕ್ರೂ ಬಂತು. ಬೆರಳು ಕೊಯ್ದುಕೊಂಡಿತು.
ಲ್ಯಾಪ್‌ಟಾಪ್ ತೆರೆದು, ರಕ್ತ ಪ್ಯಾಂಟಿಗೆ ಒರೆಸಿ,
ತಾನು ಬರೆದ ಹನ್ನೆರಡು ಸಾಲನ್ನು
ಈ ಒಂದು ದೋಣಿಯ ಮಟ್ಟಿಗೆ
ತಾನೇ ಅಳಿಸಿದಳು.
ಅಳಿಸುವ ಹಕ್ಕು ಕೊಟ್ಟದ್ದೂ ಅದೇ ಲೈಸೆನ್ಸು.

ಪರದೆ ಹಸಿರಾಯಿತು. ಮೂವತ್ತೊಂದು ಮೀಟರ್.
ತಳದಲ್ಲಿ ಮರಳು, ಮರಳ ಮೇಲೆ
ಅಕ್ಕಿಕಾಳಿನಂತೆ ಏನೋ ಸರಿದಾಡಿತು.
ಹಿನ್ನೆರ್ಕ್ ಮಾತಾಡಲಿಲ್ಲ, ಪೇಪರಿನಲ್ಲಿ ಸುತ್ತಿದ
ಎರಡು ಮೀನು ಅವಳ ಚೀಲದ ಮೇಲಿಟ್ಟ.

ಅಳಿಸಿದ ಸಾಲುಗಳ ಜೊತೆ
ದಿನಚರಿಯ ಆ ಒಂದು ಪದವೂ ಹೋಗಿತ್ತು.
ಅದನ್ನವಳು ಕೈಯಾರೆ ಮತ್ತೆ ಬರೆದಳು:
ಮೈಲಿಗೆ.
ಪಕ್ಕದಲ್ಲಿ ದಿನಾಂಕ, ಹೊತ್ತು, ತನ್ನ ಹೆಸರು.
ಸೊನ್ನೆ ಹಾಕಲಿಲ್ಲ.